ಒಂದೇ ಸಂಜೆಯಲ್ಲಿ ಎತ್ತಿದ ಗುಳಿ

"ನಿಮ್ಮ ಮಗನ ಕಿವಿ ಚೆನ್ನಾಗೇ ಇವೆ," ಅಂದರು ಡಾಕ್ಟರಮ್ಮ.

ಸೀಟಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹದಿನೇಳು ತುಂಬಿದ ಮಗನನ್ನು ಹಿಡಿದು ತಂದು ಈ ಹುಡುಗರ ಬಂದೀಖಾನೆಯಲ್ಲಿ ಕೂರಿಸಿದ್ದಾರೆ. ಬಾಗಿಲಿಗೊಬ್ಬ ಕಾವಲಿನವನು, ಕಿಟಕಿಗೆ ಸರಳು, ಸರಳಿನ ಮೇಲೆ ಮತ್ತೆ ಜಾಲರಿ. ಅದು ಸಾಲದು ಅಂತ, ನಿನ್ನೆ ಮೊನ್ನೆ ಓದು ಮುಗಿಸಿ ಬಂದ ಹಾಗಿರುವ ಈ ಹೆಣ್ಣುಮಗಳು ಹೆತ್ತವಳಿಗೇ ಮಗನ ಕಿವಿಯ ಸಮಾಚಾರ ಹೇಳಿಕೊಡಲು ಹೊರಟಿದ್ದಾಳೆ.

"ಅವನು ಕೆಪ್ಪ ಕಣಮ್ಮ. ಏಳನೇ ವರ್ಷದಿಂದ್ಲೂ ಕೆಪ್ಪ. ಇಡೀ ಶೆಡ್ಡೇ ಅವನನ್ನ ಮರಿಕೆಪ್ಪ ಅಂತ ಕರೆಯೋದು. ಹತ್ತು ಸಲ ಕೂಗಿದ್ರೆ ಒಂದ್ಸಲ ಓಗೊಡ್ತಾನೆ."

"ಸ್ವಲ್ಪ ಮೆಲ್ಲಗೆ ಮಾತಾಡಿ. ನನಗೆ ಕೇಳುತ್ತೆ."

"ಇದೇ ಮೆಲ್ಲಗೆ."

ಅದೇನೂ ಸುಳ್ಳಲ್ಲ. ಗುದ್ದಿಸಿಕೊಂಡು ನಜ್ಜುಗುಜ್ಜಾಗಿ ಬರುವ ವ್ಯಾನು, ಕಾರುಗಳ ತಗಡಿನಲ್ಲಿ ಬಿದ್ದ ಗುಳಿಗಳನ್ನು ಸುತ್ತಿಗೆಯಿಂದ ಬಡಿದು ಎತ್ತುವುದು ಅವಳ ಗಂಡನ ಕಸುಬು. ಮೇಸ್ತ್ರಿ ಅಂದರೆ ಆ ಬೀದಿಯಲ್ಲಿ ಅವನೊಬ್ಬನೇ. ಅದೇ ಶೆಡ್ಡಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹರಿದ ಸೀಟುಗಳಿಗೆ ರೆಕ್ಸಿನ್ ಹೊಲಿಯುವುದು ಇವಳದು. ಹಾಗಾಗಿ ಸೀಟಮ್ಮ. ಬೆಳಗಾದರೆ ತಗಡಿನ ಮೇಲೆ ಸುತ್ತಿಗೆ ಕುಣಿಯುವ ಜಾಗದಲ್ಲಿ ಯಾರ ಕಿವಿ ತಾನೇ ನೆಟ್ಟಗುಳಿದೀತು? ಮೇಸ್ತ್ರಿಗೆ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಹೋಗಲೋ ಬೇಡವೋ ಅಂತ ಅನುಮಾನಿಸುತ್ತಿತ್ತು. ಸೀಟಮ್ಮನಿಗೂ ಮಂದ. ಆ ಮನೆಯಲ್ಲಿ ಉಪ್ಪಿನ ಡಬ್ಬಿ ಕೇಳಿದರೂ ಜಗಳ ಹತ್ತಿಕೊಂಡಿತು ಅಂತ ಎದುರುಮನೆಯವರು ಕಿಟಕಿ ತೆರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಮೇಸ್ತ್ರಿ ಹೆಂಡತಿಯ ಕಿವಿಯಲ್ಲಿ ಹೇಳಿದ ಗುಟ್ಟಿಗೆ ಪಕ್ಕದ ಮನೆಯ ಮುದುಕ ಗೋಡೆ ತಟ್ಟಿ, "ಆಯ್ತಪ್ಪ, ಅವಳಿಗೆ ಗೊತ್ತಾಯ್ತಂತೆ, ಮಲಗು" ಅಂದಿದ್ದನಂತೆ.

ಇಂಥ ಮನೆಯ ಹುಡುಗ ಏಳನೇ ವರ್ಷದಲ್ಲಿ ಕರೆದರೆ ತಿರುಗುವುದನ್ನು ಬಿಟ್ಟಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಮೇಸ್ತ್ರಿಯಂತೂ ಬೀಗಿದ. "ನಂಗೆ ಕಿವಿ ಹೋಗಿದ್ದು ಮೀಸೆ ಬಂದ ಮೇಲೆ. ನನ್ನ ಮಗನ್ನ ನೋಡು, ಹಲ್ಲು ಬೀಳೋ ವಯಸ್ಸಿಗೇ ಕಳಕೊಂಡ. ಹುಟ್ಟು ಕಸುಬಿನೋನು." ಕೂಗಿದರೆ ಕೇಳದವನನ್ನು ಕರೆಯುವುದು ಹೇಗೆ? ತಲೆಯ ಹಿಂದೆ ಒಂದು ಬಿಡುವುದು. ಅದೇ ಶೆಡ್ಡಿನ ರೂಢಿಯಾಯಿತು. ಅಪ್ಪ ಅಂಗೈಯಲ್ಲಿ ಬಿಟ್ಟ, ಕೆಲಸದವರು ಒರೆಸುವ ಬಟ್ಟೆಯಲ್ಲಿ ಬಿಟ್ಟರು, ಸೀಟಮ್ಮನೂ ಅಳತೆಪಟ್ಟಿಯಲ್ಲಿ ಬಿಟ್ಟಿದ್ದಳು. ಹುಡುಗ ಬೆಳೆಯುತ್ತ ಬೆಳೆಯುತ್ತ ಸಿಟ್ಟಿನ ಮುದ್ದೆಯಾದ. ಶಾಲೆಯಲ್ಲಿ ಒಬ್ಬನ ಕೈ ತಿರುಚಿದ, ಮೇಷ್ಟರ ಕುರ್ಚಿ ಮುರಿದ, ಶಾಲೆ ಬಿಟ್ಟ. ಅದಕ್ಕೂ ಮೇಸ್ತ್ರಿ ನಕ್ಕ. ಗಂಡು ಮಗು ಅಂದರೆ ಹೀಗಿರಬೇಕು ಅಂದ. ಮನೆಗೆ ಕರೆತಂದು ನಾಲ್ಕು ಬಾರಿಸಿಯೂ ಬಾರಿಸಿದ. ನಗುವುದು, ಬಾರಿಸುವುದು, ಅವನಿಗೆ ಎರಡೂ ಸಾಕುವುದರಲ್ಲೇ ಸೇರಿತ್ತು.

ಹೋದ ತಿಂಗಳು ಶೆಡ್ಡಿನ ಪೇಂಟರ್ ಹುಡುಗನ ಹಿಂದೆ ನಿಂತು ಕೂಗಿದ್ದಾನೆ. ಇವನು ತಿರುಗಿಲ್ಲ. ರೂಢಿಯಂತೆ ಪೇಂಟರ್ ತಲೆಗೆ ಒಂದು ಬಿಟ್ಟಿದ್ದಾನೆ. ಹುಡುಗ ತಿರುಗಿದವನೇ ಕೈಲಿದ್ದ, ನಟ್ಟು ಬಿಚ್ಚುವ ಕಬ್ಬಿಣದ ಪಾನಾದಲ್ಲಿ ಬೀಸಿದ. ದವಡೆ ಮುರಿಯಿತು. ಪೇಂಟರ್ ನೆಲಕ್ಕೆ ಬಿದ್ದ ಮೇಲೂ ಬೀಸಿದ. ನಾಲ್ಕು ಜನ ಸೇರಿ ಎಳೆಯಬೇಕಾಯಿತು.

"ನಾನು ಪರೀಕ್ಷೆ ಮಾಡಿಸಿದೀನಿ," ಅಂದರು ಡಾಕ್ಟರಮ್ಮ. "ಗಡಿಯಾರದ ಟಿಕ್ ಟಿಕ್ ಕೂಡ ಕೇಳುತ್ತೆ ಅವನಿಗೆ. ಆದ್ರೆ ಆಗಾಗ ಒಂದು ಗಳಿಗೆ ಅವನು ಇಲ್ಲಿ ಇರೋದೇ ಇಲ್ಲ. ಕಣ್ಣು ತೆರೆದೇ ಇರುತ್ತೆ, ಒಳಗೆ ಯಾರೂ ಇರಲ್ಲ. ಆಮೇಲೆ ತಾನಾಗೇ ವಾಪಸ್ ಬರ್ತಾನೆ. ನೀವು ಕೂಗಿದ್ದು ಆ ಗಳಿಗೇಲಿ. ತಲೆ ಒಳಗೆ ಹಳೇ ಗಾಯ ಇದ್ರೆ ಹೀಗಾಗ್ಬಹುದು. ಸಿಟ್ಟು ತಡೆಯೋ ಶಕ್ತೀನೂ ಅದರಿಂದ ಕುಂದಬಹುದು. ಚಿಕ್ಕವನಿದ್ದಾಗ ತಲೆಗೆ ಪೆಟ್ಟು ಬಿದ್ದಿತ್ತಾ?"

"ಒಂದ್ಸಲ ವ್ಯಾನ್ ಮೇಲಿಂದ ಜಾರಿದ್ದ. ರಕ್ತ ಕೂಡ ಬರ್ಲಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅವನ ತಂದೆ ಬಂದಾಗ ಇದೇ ಕೇಳಿದೆ. ಯಾವತ್ತೂ ಏನೂ ಆಗಿಲ್ಲ ಅಂದ್ರು."

ಜಾರಿದ ಅಂತ ಅವತ್ತು ಸೀಟಮ್ಮನಿಗೆ ಹೇಳಿದ್ದೇ ಮೇಸ್ತ್ರಿ.

"ನೋಡಮ್ಮ, ಎಲ್ಲಾ ಸಿಟ್ಟೂ ಗಾಯದಿಂದಲೇ ಬಂತು ಅಂತ ನಾನು ಹೇಳಲ್ಲ. ತಲೆ ಒಳಗಿನ ಫೋಟೋ ತೆಗೆದು ನೋಡಿದ್ರೇನೇ ಗೊತ್ತಾಗೋದು. ಅದಕ್ಕೆ ಮಕ್ಕಳ ನ್ಯಾಯ ಮಂಡಳಿ ಒಪ್ಪಬೇಕು. ಸುಮ್ನೆ ನನ್ನ ಮಾತಿಗೆ ಒಪ್ಪಲ್ಲ, ಪೆಟ್ಟು ಬಿದ್ದಿತ್ತು ಅಂತ ಕಂಡೋರು ಹೇಳಬೇಕು. ಸೋಮವಾರ ಅವರು ಕೂತು ಇವನನ್ನ ಇಲ್ಲೇ ಇಟ್ಕೊಳ್ಳೋದಾ, ದೊಡ್ಡವರ ಕೋರ್ಟಿಗೆ ಕಳಿಸೋದಾ ಅಂತ ತೀರ್ಮಾನ ಮಾಡ್ತಾರೆ. ಅಲ್ಲಿಗೆ ಹೋದ್ರೆ ದೊಡ್ಡ ಜೈಲು. ಅಲ್ಲಿ ಇವನ ತಲೇಲಿ ಏನಿದೆ ಅಂತ ಯಾರೂ ಕೇಳಲ್ಲ."

ಮಗನನ್ನು ನೋಡಲು ಹತ್ತು ನಿಮಿಷ ಬಿಟ್ಟರು. ಹುಡುಗ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ. ಬೆನ್ನು ಅಪ್ಪನದೇ, ಬಾಗಿಲಷ್ಟು ಅಗಲ. ಸೀಟಮ್ಮ ಬಾಗಿಲಲ್ಲೇ ನಿಂತಳು. ಎಂದೂ ಮಾಡದ ಒಂದು ಕೆಲಸ ಮಾಡಿದಳು. ದನಿಯನ್ನು ಎಷ್ಟು ಇಳಿಸಿದಳೆಂದರೆ ಅದು ತನಗೇ ಕೇಳಲಿಲ್ಲ. ತುಟಿ ಆಡಿದ್ದಷ್ಟೇ ಗೊತ್ತಾಯಿತು. "ಮರೀ," ಅಂದಳು.

"ಏನು?" ಅಂದ ಹುಡುಗ, ತಿರುಗದೆ. "ಯಾಕೆ ಪಿಸುಗುಡ್ತೀಯ?"

ಹತ್ತು ವರ್ಷ. ಹತ್ತು ವರ್ಷ ಈ ಕಿವಿಗೆ ಎಲ್ಲರೂ ಸೇರಿ ಅರಚಿದ್ದರು.

"ನಾವು ಕೂಗ್ತಿದ್ದಿದ್ದು ನಿಂಗೆ ಕೇಳ್ತಿತ್ತೇನೋ?"

"ಕೂಗ್ದಾಗ ಕೇಳ್ತಿತ್ತು. ಆದ್ರೆ ನೀವು ಕೂಗೋದೇ ಇಲ್ಲ, ಸೀದಾ ಹೊಡೀತೀರ." ಅವನು ಗೋಡೆಗೇ ಹೇಳಿದ. "ಸುಮ್ನೆ ನಿಂತಿರ್ತೀನಿ, ಇದ್ದಕ್ಕಿದ್ದಂಗೆ ತಲೆ ಮೇಲೆ ಬೀಳುತ್ತೆ. ಮಾವನೂ ಹಂಗೇ ಹೊಡ್ದ. ಕೂಗಿದ್ದೆ ಅಂತಾನಲ್ಲ, ಸುಳ್ಳು. ಹೋಗು, ತಲೆ ತಿನ್ಬೇಡ."

ಪೇಂಟರನ್ನು ಅವನು ಕೂಸಾಗಿದ್ದಾಗಿನಿಂದ ಮಾವ ಅನ್ನುತ್ತಿದ್ದ.

ಸೀಟಮ್ಮ ಶೆಡ್ಡಿಗೆ ಬಂದಾಗ ಮೇಸ್ತ್ರಿ ಒಂದು ಕಾರಿನ ಬಾಗಿಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಹೊಟ್ಟೆ ಸವರುತ್ತಿದ್ದ. ಏರುತಗ್ಗು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ಸಿಗುವುದು. ಮಗನನ್ನು ಅಷ್ಟು ಮೆಲ್ಲಗೆ ಅವನು ಎಂದಾದರೂ ಸವರಿದ್ದನೇ ಅಂತ ಅವಳು ನೆನೆಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಸಿಟ್ಟು ಇನ್ನೊಂದು ಗೇಣು ಏರಿತು.

"ಏನೂ ಆಗಿಲ್ಲ ಅಂತ ಯಾಕ್ರೀ ಹೇಳಿದ್ರಿ ಡಾಕ್ಟರಮ್ಮಂಗೆ?"

"ಆಗಿಲ್ಲ ಅದಕ್ಕೆ."

"ವ್ಯಾನ್ ಮೇಲಿಂದ ಬಿದ್ನಲ್ಲ."

"ಜಾರಿದ. ಎದ್ದ. ಮುಗೀತು."

"ಅಷ್ಟನ್ನೇ ಸೋಮವಾರ ಹೇಳಿ. ಫೋಟೋ ತೆಗೀತಾರಂತೆ ತಲೇದು. ಇಲ್ಲಾಂದ್ರೆ ದೊಡ್ಡ ಜೈಲಿಗೆ ಹಾಕ್ತಾರೆ."

ಮೇಸ್ತ್ರಿ ಬಾಗಿಲನ್ನು ಪಕ್ಕಕ್ಕಿಟ್ಟ. "ಕೇಳಿಲ್ಲಿ. ಜೈಲಿಗೆ ಹೋಗಿ ಬಂದೋನಿಗೆ ಕೆಲಸ ಸಿಗುತ್ತೆ. ಇದೇ ಬೀದೀಲಿ ಇಬ್ರಿದಾರೆ, ಹೆಂಡ್ತಿ ಮಕ್ಕಳು ಅಂತ ಚೆನ್ನಾಗೇ ಇದಾರೆ. ರೌಡಿ ಅಂದ್ರೆ ಜನ ಹೆದರ್ತಾರೆ, ಹೆದರಿದ್ರೆ ಮರ್ಯಾದೆ ಕೊಡ್ತಾರೆ. ತಲೆ ಕೆಟ್ಟೋನು ಅಂದ್ರೆ? ಸುತ್ತಿಗೆ ಯಾರು ಕೊಡ್ತಾರೆ ಕೈಗೆ? ಹೆಣ್ಣು ಯಾರು ಕೊಡ್ತಾರೆ? ನನ್ನ ಮಗ ಹುಚ್ಚ ಅಂತ ನಾನೇ ಹೋಗಿ ಮೊಹರು ಹೊಡೆಸ್ಕೊಂಡು ಬರ್ಲಾ?"

"ಹುಚ್ಚ ಅಂತ ಯಾರ್ರೀ ಅಂದ್ರು? ಗಾಯ ಅಂತ ಅಂದಿದ್ದು."

"ಎಲ್ಲಾ ಒಂದೇ."

"ಅವನಿಗೆ ಕಿವಿ ಕೇಳುತ್ತೆ ಕಣ್ರೀ. ನಾನೇ ಪರೀಕ್ಷೆ ಮಾಡ್ದೆ. ನಾವು ಸುಮ್ಸುಮ್ನೆ ಅವನ ತಲೆ ಮೇಲೆ—"

ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡು ಬಡಿಯತೊಡಗಿದ. ಇದು ಅವನ ಹಳೆಯ ಉಪಾಯ. ಜಗಳ ಸೋಲುವ ಕಡೆ ತಿರುಗಿತು ಅನ್ನಿಸಿದರೆ ತಗಡು ಬಡಿಯುವುದು. ಇಪ್ಪತ್ತು ವರ್ಷದಿಂದ ಸೀಟಮ್ಮನ ಅರ್ಧಕ್ಕರ್ಧ ಮಾತು ಹೀಗೆ ಸುತ್ತಿಗೆಯ ಕೆಳಗೇ ಸತ್ತಿದ್ದವು. ಅವಳು ನಿಂತು ನೋಡಿದಳು. ಆ ಸುತ್ತಿಗೆ ಕಿತ್ತುಕೊಂಡು ಅವನ ತಲೆಯಲ್ಲೇ ಒಂದು ಗುಳಿ ಮಾಡಿದರೆ ಆಗ ಗೊತ್ತಾದೀತು ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೇನೂ ಆಗಲಿಲ್ಲ.

ಹುಡುಗ ಬಿದ್ದ ದಿನ ಅವಳು ಶೆಡ್ಡಿನಲ್ಲಿ ಇರಲಿಲ್ಲ. ದಾರ ತರಲು ಪೇಟೆಗೆ ಹೋಗಿದ್ದವಳು ಕತ್ತಲಾದ ಮೇಲೇ ಬಂದಿದ್ದು. ಬಂದು ನೋಡಿದರೆ ಮಗ ಸೀಟಿನ ಸ್ಪಂಜಿನ ಮೇಲೆ ಮಲಗಿ ವಾಂತಿ ಮಾಡುತ್ತಿದ್ದ. ಜಾರಿದ ಅಂದರು. ವಾಂತಿ ಯಾಕೆ ಅಂದರೆ ಥಿನ್ನರ್ ವಾಸನೆಗೆ ಅಂದರು. ಬಣ್ಣಕ್ಕೆ ಬೆರೆಸುವ ಆ ನೀರಿನ ನಾತಕ್ಕೆ ಶೆಡ್ಡಿನಲ್ಲಿ ಹೊಸಬರೆಲ್ಲ ಒಂದಲ್ಲ ಒಂದು ದಿನ ಕಕ್ಕಿದವರೇ. ಅವಳೂ ಕಕ್ಕಿದ್ದಳು. ಹಾಗಾಗಿ ನಂಬಿದಳು. ಮಗುವನ್ನು ಹೊರಗೆ ಗಾಳಿಗೆ ಮಲಗಿಸಿ ಬೀಸಿದಳು. ಅವತ್ತು ಅಲ್ಲಿದ್ದವರು ಇಬ್ಬರೇ. ಒಬ್ಬ ಮೇಸ್ತ್ರಿ. ಇನ್ನೊಬ್ಬ ಪೇಂಟರ್.

ಆಸ್ಪತ್ರೆಯಲ್ಲಿ ಪೇಂಟರನ ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಸೇರಿಸಿ ತಂತಿ ಕಟ್ಟಿದ್ದರು. ಒಂದು ಕಣ್ಣು ಇನ್ನೂ ನೇರಳೆ ಬಣ್ಣಕ್ಕಿತ್ತು. ಪಕ್ಕದ ಸ್ಟೂಲಿನಲ್ಲಿ ಅವನ ಹೆಂಡತಿ ಲೋಟಕ್ಕೆ ಕೊಳವೆ ಇಟ್ಟುಕೊಂಡು ಏನೋ ತಿಳಿ ಕುಡಿಸುತ್ತಿದ್ದಳು. ಸೀಟಮ್ಮನನ್ನು ಕಂಡು ಪೇಂಟರ್ ಹಲ್ಲು ಕಚ್ಚಿಕೊಂಡೇ ಏನೋ ಗೊರಗೊರ ಅಂದ. ಕಚ್ಚಿಕೊಳ್ಳದೆ ಬೇರೆ ದಾರಿಯೂ ಅವನಿಗಿರಲಿಲ್ಲ.

"ಏನಂತಾರೆ ಅತ್ತಿಗೆ?" ಕೇಳಿದಳು ಸೀಟಮ್ಮ. ಮೊದಲೇ ಮಂದ ಕಿವಿ, ಅವನದು ಮುಚ್ಚಿದ ಬಾಯಿ.

"ತೊಲಗು ಅಂತಿದಾರೆ."

"ಅದು ಮುಖದಲ್ಲೇ ಗೊತ್ತಾಯ್ತು. ಅದಕ್ಕೆ ಮುಂಚೆ ಏನೋ ಅಂದ್ರಲ್ಲ."

"ಅದೂ ತೊಲಗು ಅಂತಾನೇ. ಎರಡು ಸಲ ಅಂದ್ರು."

"ತೊಲಗ್ತೀನಿ. ಒಂದು ಕೇಳಿ ತೊಲಗ್ತೀನಿ. ಅಣ್ಣಾ, ಚಿಕ್ಕೋನು ವ್ಯಾನ್ ಮೇಲಿಂದ ಜಾರಿದ್ನಲ್ಲ, ಏಳು ವರ್ಷದೋನಿದ್ದಾಗ. ಎಷ್ಟು ಜಾರಿದ್ದ? ತಲೆ ಏನಾದ್ರೂ ತಗುಲಿತ್ತಾ?"

ಆ ಕೊನೆಯ ಹಾಸಿಗೆಯವನ ತನಕ ಎಲ್ಲರೂ ತಿರುಗಿ ನೋಡಿದರು. ಪೇಂಟರ್ ಒಂದೇ ಕಣ್ಣಲ್ಲಿ ಅವಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಗೊರಗೊರ ಶುರುಮಾಡಿದ. ತಂತಿಯ ಸಂದಿಯಿಂದ ಎಂಜಲು ಹಾರಿತು. ಹೆಂಡತಿ ಬಾಗಿ ಕೇಳಿಸಿಕೊಂಡು, ಸೀಟಮ್ಮನ ಕಡೆ ತಿರುಗಿ ಒಂದೊಂದೇ ಮಾತನ್ನು ಕೂಗಿ ಹೇಳತೊಡಗಿದಳು.

"ಜಾರಿದ್ನಾ ಅಂತ ನಗ್ತಿದಾರೆ. ಜಾರಿದೋನು ಬಾನೆಟ್ಟಲ್ಲಿ ಅಷ್ಟು ದೊಡ್ಡ ಗುಳಿ ಮಾಡ್ತಾನಾ ಅಂತಾರೆ."

"ಯಾವ ಗುಳಿ?"

ಪೇಂಟರ್ ಬಲಗೈ ಮುಷ್ಟಿ ಮಾಡಿ ತನ್ನ ದಿಂಬಿಗೆ ಒತ್ತಿದ. ಮಣಿಕಟ್ಟು ಮುಳುಗುವವರೆಗೂ ಒತ್ತಿ, ತೆಗೆದು, ಉಳಿದ ಹಳ್ಳವನ್ನು ತೋರಿಸಿದ. ಹತ್ತಿಯ ದಿಂಬು, ಮೆಲ್ಲಗೆ ಮೇಲೆದ್ದಿತು.

ಕಥೆ ತುಂಡು ತುಂಡಾಗಿ ಹೊರಬಂತು. ವ್ಯಾನಿನ ಚಾವಣಿಯ ಹಳೇ ಬಣ್ಣ ಕೆರೆಯಬೇಕಿತ್ತು. ದೊಡ್ಡವರು ಹತ್ತಿದರೆ ಚಾವಣಿಯ ತಗಡು ಬಗ್ಗುತ್ತದೆ, ಅದಕ್ಕೆ ಹಗುರ ಇರುವವರನ್ನೇ ಹತ್ತಿಸುವುದು ಶೆಡ್ಡುಗಳ ವಾಡಿಕೆ. ಹುಡುಗ ಕೆರೆಯುತ್ತ ಮುಂದೆ ಮುಂದೆ ಬಂದು ತಲೆಕೆಳಗಾಗಿ ಬಾನೆಟ್ಟಿನ ಮೇಲೆ ಬಿದ್ದ. ಮಿಸುಕಲಿಲ್ಲ. ಇಬ್ಬರೂ ಎತ್ತಿ ಸ್ಪಂಜಿನ ಮೇಲೆ ಮಲಗಿಸಿದರು. ಉಸಿರಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಕಕ್ಕಿದ. ಗಾಡಿ ಅವತ್ತು ಸಂಜೆಯೇ ಕೊಡಬೇಕಿತ್ತು. ಮಗು ಎಚ್ಚರಾಯಿತಲ್ಲ ಅಂತ ಮೇಸ್ತ್ರಿ ಬಾನೆಟ್ಟಿಗೆ ಕೂತ. ಗುಳಿ ಎತ್ತಿದ. ಪೇಂಟರ್ ಬಣ್ಣ ಹೊಡೆದ. ಗಾಡಿ ಹೋಯಿತು.

"ಎಂಥಾ ಕೆಲಸ ಅಂತೀನಿ ಅಂತಾರೆ," ಅಂದಳು ಪೇಂಟರನ ಹೆಂಡತಿ. ಅವಳ ದನಿಯೂ ಈಗ ಬೇರೆಯಾಗಿತ್ತು. "ಬೇರೆಯವರಾಗಿದ್ರೆ ಮೇಲೆ ಗಾರೆಯಂಥ ಪುಟ್ಟಿ ಮೆತ್ತಿ ನುಣ್ಣಗೆ ಮಾಡಿ ಮುಚ್ಚಬೇಕಿತ್ತಂತೆ. ಮೇಸ್ತ್ರಿ ಎತ್ತಿದ್ದಕ್ಕೆ ಒಂದು ಚೂರೂ ಪುಟ್ಟಿ ಬೇಕಾಗ್ಲಿಲ್ವಂತೆ. ಕನ್ನಡಿ ಹಾಗಿತ್ತಂತೆ." ಅವಳು ಗಂಡನ ಕಡೆ ತಿರುಗಿದಳು. "ಥೂ ನಿಮ್ಮ. ಮಗು ಪಕ್ಕದಲ್ಲಿ ಕಕ್ತಾ ಬಿದ್ದಿತ್ತು, ನೀವು ಕನ್ನಡಿ ನೋಡ್ಕೋತಿದ್ರಾ?"

"ನೀನ್ಯಾಕಣ್ಣ ಅವತ್ತೇ ನಂಗೆ ಹೇಳ್ಲಿಲ್ಲ?" ಸೀಟಮ್ಮನ ದನಿ ಎಷ್ಟು ಏರಿತೆಂದರೆ ನರ್ಸ್ ಓಡಿ ಬಂದಳು. "ನಾನು ಬಂದಾಗ ನೀನು ಅಲ್ಲೇ ಇದ್ದೆ. ಬಣ್ಣದ ಗನ್ ಹಿಡ್ಕೊಂಡು ನಿಂತಿದ್ದೆ."

ಪೇಂಟರ್ ಏನೋ ಅಂದ. ಹೆಂಡತಿ ಲೋಟ ಕೆಳಗಿಟ್ಟಳು.

"ನಾನು ಬಣ್ಣ ಹೊಡಿಯೋನು, ಹೊಡ್ದೆ ಅಂತಾರೆ."

ಸೋಮವಾರ ಬಂದು ಇದನ್ನೇ ಹೇಳು, ಬರಲಾಗದಿದ್ದರೆ ಡಾಕ್ಟರಮ್ಮನನ್ನೇ ಇಲ್ಲಿಗೆ ಕರೆತರುತ್ತೇನೆ ಅಂದಳು ಸೀಟಮ್ಮ. ಅದಕ್ಕೆ ಬಂದ ಉತ್ತರಕ್ಕೆ ದುಭಾಷಿ ಬೇಕಾಗಲಿಲ್ಲ. ಪೇಂಟರ್ ತನ್ನ ದವಡೆ ತೋರಿಸಿದ, ಕಣ್ಣು ತೋರಿಸಿದ, ಬಾಗಿಲು ತೋರಿಸಿದ.

"ಬಿದ್ದ ಮೇಲೂ ಬಿಡ್ಲಿಲ್ಲ ಅವನು," ಅಂದಳು ಹೆಂಡತಿ, ಇದು ಅವಳದೇ ಮಾತು. "ನನ್ನ ಗಂಡ ಮಾಡಿದ್ದು ತಪ್ಪೇ ಅಂತಿಟ್ಕೋ. ನಿನ್ನ ಮಗನಿಗೋಸ್ಕರ ಇವರು ಬಾಯಿ ಬಿಡಬೇಕಾ? ಬಾಯಿ ಎಲ್ಲಿ ಉಳಿಸಿದಾನೆ? ಹೋಗು ತಾಯಿ."

ಅವಳ ಮಾತಿನಲ್ಲಿ ತಪ್ಪು ಹುಡುಕಲು ಸೀಟಮ್ಮ ಮೆಟ್ಟಿಲು ಇಳಿಯುವವರೆಗೂ ನೋಡಿದಳು. ಒಂದೂ ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಯಾರನ್ನಾದರೂ ಪೂರ್ತಿ ಬೈದು ಬಿಡೋಣ ಅಂದರೆ ಪ್ರತಿಯೊಬ್ಬರ ಕೈಲೂ ಒಂದೊಂದು ನ್ಯಾಯ ಇತ್ತು. ಮೇಸ್ತ್ರಿಯೊಬ್ಬನನ್ನು ಬಿಟ್ಟು.

ಸೋಮವಾರದವರೆಗೆ ಅವಳು ಗಂಡನ ಹತ್ತಿರ ಆ ಮಾತೆತ್ತಲಿಲ್ಲ. ಊಟಕ್ಕೆ ಬಡಿಸಿದಳು, ತಟ್ಟೆಯನ್ನು ಇಡುವ ಸದ್ದಿನಲ್ಲೇ ಎಲ್ಲವನ್ನೂ ಹೇಳಿದಳು. ಮೇಸ್ತ್ರಿಗೆ ಅದು ಕೇಳಿಸದಿದ್ದುದು ಅವನ ಅದೃಷ್ಟ.

ಮಂಡಳಿ ಕೂರುವ ಕೋಣೆ ಶಾಲೆಯ ಕೋಣೆಯ ಹಾಗಿತ್ತು. ಉದ್ದನೆಯ ಮೇಜಿನ ಆಚೆ ನಡುವೆ ಕನ್ನಡಕದ ಅಧ್ಯಕ್ಷೆ, ಅಕ್ಕಪಕ್ಕ ಇಬ್ಬರು ಸದಸ್ಯರು. ಈಚೆ ಒಂದು ಬದಿಗೆ ಮೇಸ್ತ್ರಿ, ಸೀಟಮ್ಮ, ಡಾಕ್ಟರಮ್ಮ. ಇನ್ನೊಂದು ಬದಿಗೆ ಹುಡುಗ, ಅವನ ಹಿಂದೆ ಕಾವಲಿನವನು. ಮೇಸ್ತ್ರಿ ಒಗೆದ ಅಂಗಿ ಹಾಕಿ, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದ. ಸೀಟಮ್ಮ ಅವನ ಎಡಗಡೆ, ಅಂದರೆ ಕೇಳುವ ಕಿವಿಯ ಕಡೆ ಕೂತಳು. ಅಧ್ಯಕ್ಷೆ ಆಡಿದ್ದನ್ನು ಅವನ ಕಿವಿಗೆ ದಾಟಿಸುವ ಕೆಲಸ ಅವಳದೇ ಅಂತ ಮೊದಲೇ ತೀರ್ಮಾನವಾಗಿತ್ತು. ಎಲ್ಲಿ ಹೋದರೂ ಅವಳೇ ಅದನ್ನು ಮಾಡುತ್ತಿದ್ದಳು. ಬೇರೆಯವರ ಮಾತನ್ನು ಅರಚಿ ಅರಚಿ ಅವಳ ಗಂಟಲು ಒಡೆದುಹೋಗಿತ್ತು.

ಡಾಕ್ಟರಮ್ಮ ತಮ್ಮದನ್ನು ಹೇಳಿದರು. ಅಧ್ಯಕ್ಷೆ ಮೇಸ್ತ್ರಿಯ ಕಡೆ ನೋಡಿದರು.

"ಮಗುವಿದ್ದಾಗ ತಲೆಗೆ ಪೆಟ್ಟಾಗಿತ್ತಾ ಅಂತ ಕೇಳ್ತಿದಾರೆ," ಅಂತ ಸೀಟಮ್ಮ ಕೂಗಿದಳು.

"ಇಲ್ಲ ತಾಯಿ. ಗಟ್ಟಿಮುಟ್ಟಾಗಿ ಬೆಳ್ದಿದಾನೆ. ಕೋಪ ಸ್ವಲ್ಪ ಜಾಸ್ತಿ. ನಮ್ಮ ವಂಶದಲ್ಲೇ ಇದೆ."

"ತಾಯಿ ಬೇರೆ ಹೇಳ್ತಿದಾರೆ, ಬಿದ್ದಿದ್ದ ಅಂತ," ಅನ್ನುವ ಅಧ್ಯಕ್ಷೆಯ ಮಾತನ್ನೂ ಸೀಟಮ್ಮ ಕೂಗಿ ದಾಟಿಸಿದಳು.

"ಅವಳು ಅಲ್ಲಿರ್ಲಿಲ್ಲ. ತಾಯಿ ಕರುಳು, ಮಗನ್ನ ಉಳಿಸ್ಕೊಳ್ಳೋಕೆ ಏನೇನೋ ಅಂತಾಳೆ."

"ಬಾನೆಟ್ಟಿನ ಮೇಲೆ ಬಿದ್ದ ತಾಯಿ," ಅಂದಳು ಸೀಟಮ್ಮ ಎದ್ದು ನಿಂತು. "ತಲೆಕೆಳಗಾಗಿ ಬಿದ್ದ. ಬಾನೆಟ್ಟೇ ಗುಳಿ ಬಿದ್ದಿತ್ತು."

"ನೀವು ನೋಡಿದ್ರಾ?"

"ಇಲ್ಲ. ಪೇಂಟರ್ ಅಣ್ಣ ನೋಡಿದ್ದು."

"ಪೆಟ್ಟು ತಿಂದವರು ತಾನೇ? ಅವರು ಬಂದು ಹೇಳ್ತಾರಾ?"

ಇಲ್ಲ ಅಂತ ಸೀಟಮ್ಮ ತಲೆಯಾಡಿಸಿದಳು. ಸದಸ್ಯರಲ್ಲೊಬ್ಬರು ಮುಂದಿನ ಕಡತದ ದಾರ ಬಿಚ್ಚತೊಡಗಿದರು. ಡಾಕ್ಟರಮ್ಮ ತಲೆ ತಗ್ಗಿಸಿದರು. ಮೇಸ್ತ್ರಿ ಮೂಗಿನಲ್ಲೇ ಉಸಿರು ಬಿಟ್ಟು, ಹೆಂಡತಿಗೆ ಮಾತ್ರ ಅಂದುಕೊಂಡು, ಆದರೆ ಇಡೀ ಕೋಣೆಗೆ ಕೇಳುವ ಹಾಗೆ ಅಂದ. "ಕೂತ್ಕೊಳೇ. ಗುಳಿಯಂತೆ ಗುಳಿ. ಯಾವ ಗುಳೀನೂ ಇರ್ಲಿಲ್ಲ."

ಮುಂದೆ ಅವಳು ಆಡಿದ್ದು ಲೆಕ್ಕ ಹಾಕಿ ಆಡಿದ ಮಾತಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಮೈಯಲ್ಲಿ ಎಲ್ಲಿ ಮುಟ್ಟಿದರೆ ಉರಿಯುತ್ತದೆ ಅನ್ನುವುದು ನಾಲಿಗೆಗೆ ತಾನಾಗೇ ಗೊತ್ತಿರುತ್ತದೆ. ಇಪ್ಪತ್ತು ವರ್ಷ 'ರೀ' ಅಂದ ಬಾಯಿ ಏಕವಚನಕ್ಕೆ ಇಳಿಯಿತು.

"ಇರ್ಲಿಲ್ಲ ಅಂತ ಹೇಳದೆ ಇನ್ನೇನು ಹೇಳ್ತೀಯ ನೀನು? ಮಾಡಿದ್ದು ಅಂಥಾ ದರಿದ್ರ ಕೆಲಸ. ಗುಳಿ ಅರ್ಧಂಬರ್ಧ ಎತ್ತಿ ಬಿಟ್ಟೆ, ಅಲೆ ಅಲೆಯಾಗಿ ಎದ್ದಿತ್ತಂತೆ ತಗಡು. ಪೇಂಟರ್ ಡಬ್ಬಿಗಟ್ಟಲೆ ಪುಟ್ಟಿ ಮೆತ್ತಿ ನಿನ್ನ ಮಾನ ಉಳಿಸಿದ್ನಂತೆ. ಆಸ್ಪತ್ರೆ ತುಂಬಾ ಹೇಳ್ಕೊಂಡು ನಗ್ತಿದಾನೆ."

"ಪುಟ್ಟಿ?" ಮೇಸ್ತ್ರಿ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದ. "ನನ್ನ ಕೆಲಸಕ್ಕೆ ಪುಟ್ಟಿ? ಆ ನನ್ಮಗ ಹಂಗಂದ್ನಾ? ಒಂದೇ ಸಂಜೇಲಿ ಎತ್ತಿದ್ದೆ ಕಣೇ ಆ ಗುಳೀನ. ತಗಡಿನ ಹಿಂದೆ ಒತ್ತಿ ಹಿಡಿಯೋಕೆ ಜನ ಇಲ್ದೆ ನಾನೊಬ್ಬನೇ. ಕೈಗೆ ಸಿಗದ ಹಾಗೆ ಎತ್ತಿದ್ದೆ. ಗಾಡಿಯೋನೇ ಬಂದು ಸವರಿ ನೋಡ್ದ, ಅವನಿಗೇ ಗೊತ್ತಾಗ್ಲಿಲ್ಲ. ಪುಟ್ಟಿ ಅಂತೆ."

ಕಡತದ ದಾರ ಸದಸ್ಯರ ಬೆರಳಲ್ಲೇ ಉಳಿಯಿತು. ಅಧ್ಯಕ್ಷೆ ಕನ್ನಡಕ ತೆಗೆದು ಮೆಲ್ಲಗೆ ಏನೋ ಕೇಳಿದರು. ಮೇಸ್ತ್ರಿಗೆ ಕೇಳಲಿಲ್ಲ. ಅವನು ರೂಢಿಯಂತೆ ಹೆಂಡತಿಯ ಕಡೆ ತಿರುಗಿದ.

"ಯಾವ ಗುಳಿ ಅಂತ ಕೇಳ್ತಿದಾರೆ," ಅಂದಳು ಸೀಟಮ್ಮ.

ಆಗ ಅವನಿಗೆ ಗೊತ್ತಾಯಿತು. ಕುರ್ಚಿ ಹುಡುಕಿಕೊಂಡು ಕೂತ. "ಚಿಕ್ಕೋನು ಬಿದ್ದಿದ್ದು," ಅಂದ. ಅವನು ಮೆಲ್ಲಗೆ ಮಾತಾಡಿದ್ದನ್ನು ಸೀಟಮ್ಮ ಅವತ್ತೇ ಮೊದಲು ಕೇಳಿದ್ದು.

ಅಧ್ಯಕ್ಷೆ ಮೂರು ಮಾತಿನಲ್ಲಿ ಮುಗಿಸಿದರು. ತಲೆಯ ಪರೀಕ್ಷೆ ಆಗಬೇಕು. ಅದು ಕೈಗೆ ಬರುವವರೆಗೆ ಹುಡುಗ ಇಲ್ಲೇ ಇರಬೇಕು, ದೊಡ್ಡವರ ಕೋರ್ಟಿನ ಮಾತು ಆಮೇಲೆ. ಹುಡುಗನ ತಲೆಗೆ ಯಾರೂ, ಯಾವ ಕಾರಣಕ್ಕೂ ಕೈ ತಾಗಿಸಕೂಡದು ಅಂತ ಕಾವಲಿನವನಿಗೆ ಬೇರೆಯಾಗಿ ಹೇಳಿದರು.

ಸೀಟಮ್ಮನಿಗೆ ಇಷ್ಟೇ ಬೇಕಾಗಿತ್ತು. ಸಿಕ್ಕಿತು. ಮಗನ ಕಡೆ ನೋಡಿದಳು.

"ನಾನು ಹುಚ್ಚ ಅಲ್ಲ," ಅಂದ ಹುಡುಗ.

"ಅಲ್ಲ ಮಗಾ. ಗಾಯ ಅದು."

"ಗಾಯ ಇಲ್ಲ ಏನೂ ಇಲ್ಲ. ಬೇಕೂ ಅಂತಲೇ ಹೊಡ್ದೆ ಮಾವನ್ನ. ಇನ್ನೊಂದ್ಸಲ ಕೈ ಹಾಕಿದ್ರೆ ಇನ್ನೊಂದ್ಸಲ ಹೊಡೀತೀನಿ. ನಿನ್ನನ್ನೂ ಹೊಡೀತೀನಿ. ಬರ್ಬೇಡ ನನ್ನ ನೋಡೋಕೆ." ಅವನು ಮುಂದಿದ್ದ ಕುರ್ಚಿಗೆ ಒದ್ದ. ಅದು ಗೋಡೆಗೆ ಬಡಿದು ಕಾಲು ಮುರಿದುಕೊಂಡಿತು. ಕಾವಲಿನವನು ಕೈ ಎತ್ತಿದವನು ಅಧ್ಯಕ್ಷೆಯ ಕಡೆ ನೋಡಿ ಇಳಿಸಿ, ಭುಜ ಹಿಡಿದುಕೊಂಡ.

"ಬರ್ತೀನಿ," ಅಂದಳು ಸೀಟಮ್ಮ. "ಬೈಯಿ. ಬೈಸ್ಕೊಳ್ಳೋಕೇ ಬರ್ತೀನಿ."

ಹೊರಗೆ ಓಣಿಯಂಥ ಉದ್ದ ಪಡಸಾಲೆ. ಎರಡೂ ಬದಿಗೆ ತಮ್ಮ ಸರದಿಗೆ ಕಾದು ಕೂತ ಅಪ್ಪ ಅಮ್ಮಂದಿರು. ಮೇಸ್ತ್ರಿ ಗೋಡೆಗೆ ಒರಗಿ ನಿಂತಿದ್ದ. ಹುಡುಗನನ್ನು ಕರೆದೊಯ್ಯುವಾಗ ಅವನು ಅಪ್ಪನ ಎದುರು ಬಂದು ಇದ್ದಕ್ಕಿದ್ದಂತೆ ನಿಂತುಬಿಟ್ಟ. ಕಾವಲಿನವನು ಎಳೆದರೂ ಕದಲಲಿಲ್ಲ. ಒಂದು ಗಳಿಗೆ ಅವನ ಕಣ್ಣು ಎಲ್ಲೂ ಇರಲಿಲ್ಲ. ಸೀಟಮ್ಮ ಈಗ ಅದನ್ನು ಕಂಡಳು. ಇಷ್ಟು ವರ್ಷ ಕಣ್ಣೆದುರೇ ನಡೆಯುತ್ತಿದ್ದುದನ್ನು. "ತಡೀರಿ, ಅವನಾಗೇ ಬರ್ತಾನೆ," ಅಂತ ಕಾವಲಿನವನನ್ನು ಗದರಿದಳು. ಕಾದಳು. ಹುಡುಗ ರೆಪ್ಪೆ ಬಡಿದು ವಾಪಸ್ಸು ಬಂದ. ಅಪ್ಪನನ್ನು ನೋಡಿದ. ಅವನ ದನಿಯಲ್ಲಿ ಏರು ಇರಲಿಲ್ಲ. ಹಲ್ಲಿನ ಸಂದಿಯಿಂದ ಕೇಳಿದ.

"ನಾನು ಬಿದ್ದಾಗ ಮೊದಲು ಯಾವುದನ್ನ ಮುಟ್ಟಿ ನೋಡ್ದೆ ಅಪ್ಪ? ನನ್ನ ತಲೇನಾ, ಬಾನೆಟ್ಟನ್ನಾ?"

ಮೇಸ್ತ್ರಿಗೆ ಕೇಳಲಿಲ್ಲ. ಮಗನ ತುಟಿ ಆಡಿದ್ದು ಕಂಡಿತು. ಎಡಗಿವಿಯನ್ನು ಮುಂದೆ ಮಾಡಿ, ಏನಂತಾನೆ ಅನ್ನುವ ಹಾಗೆ ಹೆಂಡತಿಯ ಮುಖ ನೋಡಿದ. ಹುಡುಗನೂ ಅವಳನ್ನೇ ನೋಡಿದ.

ಸೀಟಮ್ಮ ಗಂಡನ ಕಿವಿಯ ಹತ್ತಿರ ಹೋಗಲಿಲ್ಲ. ನಿಂತಲ್ಲೇ ನಿಂತು, ಪಡಸಾಲೆಯ ಆ ತುದಿಯವರಿಗೂ ಕೇಳುವ ಹಾಗೆ, ಮಗನ ಮಾತನ್ನು ಒಂದಕ್ಷರ ಬಿಡದೆ ಕೂಗಿ ಹೇಳಿದಳು. ಮೇಸ್ತ್ರಿ ಕೇಳಿಸಲಿಲ್ಲ ಅನ್ನುವ ಹಾಗೆ ಕೈಯನ್ನು ಕಿವಿಗೆ ಒಯ್ದ.

"ಕೇಳಿಸ್ತು ನಿಂಗೆ," ಅಂದಳು ಸೀಟಮ್ಮ. ಮತ್ತೆ ಕೂಗಿದಳು, ಮೊದಲಿಗಿಂತ ಜೋರಾಗಿ.